ತಡೆದುಕೊಂಡ ಕೂಸು

ಮೊದಲು ನಾನು ಅದನ್ನು ಕಂಡದ್ದು ಅಡಿಗೆಮನೆಯ ಬಾಗಿಲ ಹಿಂದೆ. ನನ್ನ ತಂಗಿಯ ಮಗ, ಆಗ ಅವನಿಗೆ ನಾಲ್ಕು ತುಂಬಿರಲಿಲ್ಲ, ಗೋಡೆಗೂ ಬಾಗಿಲಿಗೂ ನಡುವಿನ ಸಂದಿಯಲ್ಲಿ ತುದಿಗಾಲ ಮೇಲೆ ನಿಂತಿದ್ದ. ಕಾಲಿಗೆ ಕಾಲು ಹೆಣೆದಿದ್ದ. ಎರಡೂ ಕೈಯಿಂದ ಚಿಲಕ ಹಿಡಿದಿದ್ದ. ಮುಖ ಕೆಂಪಾಗಿತ್ತು, ಹಣೆಯ ಮೇಲೆ ಬೆವರಿತ್ತು. ಹೊಟ್ಟೆ ಕಟ್ಟಿದೆ, ಪಾಪ, ತಿಣುಕುತ್ತಿದ್ದಾನೆ ಎಂದುಕೊಂಡು ನಾನು ಒಲೆಯ ಕಡೆ ತಿರುಗಿದೆ. ಅವನು ತಿಣುಕುತ್ತಿರಲಿಲ್ಲ. ಬಂದದ್ದನ್ನು ಒಳಗೇ ಹಿಡಿಯುತ್ತಿದ್ದ. ಅದು ನನಗೆ ತಿಳಿಯುವ ಹೊತ್ತಿಗೆ ವರ್ಷವೇ ಕಳೆದುಹೋಯಿತು. ಹಾಗೆ ಹಿಡಿಯಲು ಕಲಿಸಿದವಳು ನಾನೇ ಎಂಬುದೂ ಆಗಲೇ ತಿಳಿದದ್ದು.

ನಮ್ಮದು ಇಳಕಲ್ಲು. ನಾನು ಮನೆಯ ಕುಣಿಮಗ್ಗದಲ್ಲಿ ಸೀರೆ ನೇಯುತ್ತೇನೆ, ನನ್ನ ಗಂಡ ಕಲ್ಲು ಕೊಯ್ಯುವ ಫ್ಯಾಕ್ಟರಿಗೆ ಹೋಗುತ್ತಾರೆ. ಇದ್ದ ಒಬ್ಬಳು ಮಗಳು ಮದುವೆಯಾಗಿ ಹೋಗಿದ್ದಾಳೆ. ನಾನು ಓದಿದ್ದು ಐದನೆಯ ತರಗತಿ. ತಂಗಿ ನನಗಿಂತ ಬಹಳ ಚಿಕ್ಕವಳು, ಡಿಗ್ರಿ ಮುಗಿಸಿದವಳು. ಅವಳನ್ನು ಬಾದಾಮಿಗೆ ಕೊಟ್ಟಿದ್ದೆವು. ಅವಳ ಗಂಡ ಗೋವಾದಲ್ಲಿ ದುಡಿಯುತ್ತಾನೆ, ಮುದಿ ಅತ್ತೆಗೆ ಕೂಸಿನ ಹಿಂದೆ ಓಡಾಡುವ ಶಕ್ತಿಯಿಲ್ಲ. ಅವಳಿಗೆ ಬಾಗಲಕೋಟೆಯ ವಿದ್ಯಾಗಿರಿಯಲ್ಲಿ ಬಿ.ಎಡ್. ಸೀಟು ಸಿಕ್ಕಾಗ, ಹಾಸ್ಟೆಲಿಗೆ ಹೋದರೆ ಕೂಸನ್ನು ಎಲ್ಲಿ ಬಿಡುವುದು ಎಂಬ ಮಾತು ಬಂತು.

“ಯಾಕ, ನಾ ಸತ್ತೇನೇನು?” ಎಂದೆ ನಾನು. “ಒಂದನ್ನ ದೊಡ್ಡದು ಮಾಡಿ ಕಳಿಸೇನಿ. ಇದೇನು ಹೆಚ್ಚಿಂದಲ್ಲ. ನೀ ಹೋಗಿ ಓದು.”

ಅವಳು ನನ್ನ ಕೈ ಹಿಡಿದುಕೊಂಡಳು. ನನಗೆ ಹೆಮ್ಮೆಯಾಯಿತು. ಆ ಹೆಮ್ಮೆಯ ಮಾತು ಮುಂದೆ ಬರುತ್ತದೆ.

ನಮ್ಮ ಸೀರೆಗೆ ಸೆರಗನ್ನು ಬೇರೆ ಹಾಸಿನಿಂದ, ಎಂದರೆ ಉದ್ದನೆಯ ಎಳೆಗಳ ಬೇರೆ ಸಾಲಿನಿಂದ, ತಂದು ಸೇರಿಸಬೇಕು. ಸೆರಗಿನ ರೇಷ್ಮೆ ಎಳೆಯನ್ನು ಸೀರೆಯ ಮೈಯ ಎಳೆಗೆ ಒಂದೊಂದಾಗಿ ಕೊಂಡಿ ಹಾಕಿ ಸೇರಿಸುತ್ತೇವೆ. ಒಬ್ಬರು ಎಳೆ ಹಿಡಿದು ಕೊಡಬೇಕು, ಇನ್ನೊಬ್ಬರು ಕೊಂಡಿ ಹಾಕಬೇಕು. ಬಾಜು ಮನೆಯ ಆಯಿ ಬಂದು ಎದುರು ಕೂತುಕೊಳ್ಳುತ್ತಾಳೆ. ಒಮ್ಮೆ ಕೂತರೆ ಆ ಸೀರೆಯ ಕೊಂಡಿ ಮುಗಿಯುವ ತನಕ ಏಳುವ ಹಾಗಿಲ್ಲ. ನಡುವೆ ಕೈಬಿಟ್ಟರೆ ಎಳೆಗಳೆಲ್ಲ ಒಂದರೊಳಗೊಂದು ಸೇರಿ ಸಿಕ್ಕಾಗುತ್ತವೆ. ಇದು ನಮ್ಮ ಓಣಿಯಲ್ಲಿ ಎಲ್ಲರಿಗೂ ಗೊತ್ತಿದ್ದದ್ದು. ಕೊಂಡಿಗೆ ಕೂತವರನ್ನು ಬಾಗಿಲಿಗೆ ಬಂದವರು ಕರೆಯುವುದಿಲ್ಲ, ಹೊರಗೇ ಕಾಯುತ್ತಾರೆ.

ಕೂಸಿಗೆ ಅದು ಗೊತ್ತಿರಲಿಲ್ಲ. ಅವನು ಬಂದು ನನ್ನ ಬೆನ್ನಿಗೆ ಒರಗಿ, “ದೊಡ್ಡವ್ವಾ, ಸಂಡಾಸ ಬಂದೈತಿ,” ಎನ್ನುತ್ತಿದ್ದ.

“ತಡಕೋ. ಈಗ ಮುಗೀತೈತಿ.”

“ಭಾಳ ಬಂದೈತಿ.”

“ಗಟ್ಟಿ ಹಿಡಕೋ. ಶ್ಯಾಣ್ಯಾ ಅದೀಯಲ್ಲ ನೀ?”

ಶ್ಯಾಣ್ಯಾ, ಜಾಣ ಎನ್ನಿಸಿಕೊಳ್ಳುವುದೆಂದರೆ ಅವನಿಗೆ ಇಷ್ಟ. ಹಿಡಿದುಕೊಂಡು ನಿಲ್ಲುತ್ತಿದ್ದ. ಸ್ವಲ್ಪ ಹೊತ್ತಿಗೆ ಅವನಿಗೇ ಮರೆತುಹೋಗಿ ಆಟಕ್ಕೆ ಹೋಗುತ್ತಿದ್ದ. ಆಯಿ, “ಎಂಥಾ ಬೆರಕಿ ಕೂಸು ನೋಡವ್ವಾ, ಹೇಳಿದ್ರ ಕೇಳ್ತೈತಿ,” ಎಂದು ಹೊಗಳುತ್ತಿದ್ದಳು. ಒಮ್ಮೆ ಅವನು ಹಾಗೆ ಹಿಡಿದು ಹಿಡಿದು, ಮರುದಿನ ಕೂತಾಗ ಕಿರಿಚಿದ. ಹೋಗಿ ನೋಡಿದರೆ ರಕ್ತ ಹತ್ತಿತ್ತು. ಎಣ್ಣೆ ಹಚ್ಚಿದೆ, ಬಿಸಿನೀರು ಕುಡಿಸಿದೆ, ಆಯಿತು ಎಂದುಕೊಂಡೆ. ಅವನಿಗೆ ಆಗಿರಲಿಲ್ಲ. ಆ ನೋವು ಅವನಿಗೆ ನೆನಪುಳಿಯಿತು. ಅಂದಿನಿಂದ ಯಾರೂ ಹೇಳದೆಯೇ ಅವನು ತಡೆಯತೊಡಗಿದ, ಬಾಗಿಲ ಹಿಂದೆ.

ಕೆಲವು ತಿಂಗಳಲ್ಲಿ ಚೊಣ್ಣಕ್ಕೆ, ಎಂದರೆ ಚಡ್ಡಿಗೆ, ಹತ್ತಿಸಿಕೊಳ್ಳತೊಡಗಿದ. ದಿನಕ್ಕೆ ನಾಲ್ಕಾರು ಸಲ, ಸ್ವಲ್ಪ ಸ್ವಲ್ಪ, ನೀರಿನಂತೆ. ಅಂಗನವಾಡಿಯಿಂದ, “ಜುಲಾಬು ನಿಂತ ಮ್ಯಾಲೆ ಕಳಸ್ರಿ,” ಎಂದು ತಿರುಗಿ ಕಳಿಸಿದರು. ಜುಲಾಬು ಆದರೆ ಹೊಟ್ಟೆ ಕಟ್ಟಿಸಬೇಕಲ್ಲವೇ? ನಾನು ರೊಟ್ಟಿ ಬಿಡಿಸಿ ಮೆತ್ತಗಿನ ಅನ್ನ ಕೊಟ್ಟೆ, ಪಲ್ಯೆ ನಿಲ್ಲಿಸಿದೆ, ದಾಳಿಂಬೆಯ ಸಿಪ್ಪೆ ಅರೆದು ಮಜ್ಜಿಗೆಯಲ್ಲಿ ಕುಡಿಸಿದೆ. ಊಟ ಮಾಡದಿದ್ದಾಗ ಹಾಲು ಬಿಸ್ಕೀಟು ಕೊಟ್ಟೆ. ಕಟ್ಟಿಕೊಂಡ ಹೊಟ್ಟೆಯನ್ನು ಇನ್ನಷ್ಟು ಕಟ್ಟಿದೆ.

ಬೈದೆ ಕೂಡ. “ಇಷ್ಟ ದೊಡ್ಡಾಂವ ಆಗಿ ಹೇಳಾಕ ಬರೂದಿಲ್ಲ? ನಾಚಿಕಿ ಇಲ್ಲ?” ಎಂದು ನಳದ ಮುಂದೆ ಕೂರಿಸಿ ಅವನ ಚೊಣ್ಣವನ್ನು ಅವನಿಂದಲೇ ಒಗೆಸಿದೆ. ಓಣಿಯ ಹುಡುಗರು ನೋಡಿ ಮೂಗು ಮುಚ್ಚಿಕೊಂಡರು. ಅವನು ತಲೆ ಎತ್ತದೆ, ಪುಟ್ಟ ಕೈಯಿಂದ ಬಟ್ಟೆ ತಿಕ್ಕಿದ. ಅದೊಂದನ್ನು ನೆನೆದರೆ ಈಗಲೂ ನನಗೆ ಅನ್ನ ಇಳಿಯುವುದಿಲ್ಲ.

ರಜೆಗೆ ಬಂದ ತಂಗಿ ಅವನನ್ನು ಸ್ನಾನ ಮಾಡಿಸುವಾಗ ಹೊಟ್ಟೆ ಮುಟ್ಟಿ ಗಾಬರಿಯಾದಳು. ಮರುದಿನವೇ ಮೂವರೂ ಬಾಗಲಕೋಟೆಗೆ ಹೋದೆವು, ಮಕ್ಕಳ ಡಾಕ್ಟರ ಬಳಿ. ಅವರು ಹೆಂಗಸು, ನಿಧಾನದ ಮಾತಿನವರು. ಕೂಸನ್ನು ಮಲಗಿಸಿ ಹೊಟ್ಟೆ ಒತ್ತಿ ನೋಡಿದರು. ಆಮೇಲೆ ನನ್ನ ಕೈಯನ್ನೇ ತೆಗೆದುಕೊಂಡು ಅವನ ಹೊಕ್ಕುಳಿನ ಕೆಳಗೆ, ಎಡಕ್ಕೆ ಇಟ್ಟರು.

“ಗಟ್ಟಿ ಹತ್ತತೈತೇನ್ರಿ?”

ಹತ್ತಿತು. ಒಳಗೆ ಗುಂಡುಕಲ್ಲು ಇಟ್ಟು ಮೇಲೆ ಚರ್ಮ ಹೊಲಿದಂತೆ ಇತ್ತು.

“ಇದು ಹಳೇದ್ರಿ. ಕುಂತು ಕುಂತು ಕಲ್ಲಾಗೇತಿ. ಇದರ ಬಾಜೂಕ ನೀರಿನಂಥಾದ್ದು ಸೋರಿ ಚೊಣ್ಣಕ್ಕ ಹತ್ತಾಕತ್ತೈತಿ. ನೀವು ಅದನ್ನ ಜುಲಾಬು ಅಂದ್ರಿ.”

“ಸೋರೂದು ಅವಗ ಗೊತ್ತಾಗೂದಿಲ್ಲೇನ್ರಿ?”

“ಇಲ್ಲ. ಚೊಣ್ಣದ ಇಲಾಸ್ಟಿಕ್ ಎಳದು ಎಳದು ಸಡ್ಲ ಆಗ್ತೈತಲ್ಲ, ಹಂಗ ಕರಳು ಹಿಗ್ಗೇತಿ. ಬಂತು ಅಂತ ಹೇಳೂದನ್ನ ಅದು ಮರತೈತಿ. ಹುಡುಗಂದು ಸೊಕ್ಕಲ್ಲ, ಮೈಗಳ್ಳತನ ಅಲ್ಲ. ಅವಗ ಬೈಬ್ಯಾಡ್ರಿ.”

ನಾನು ಹೆದರುತ್ತಲೇ ಕೇಳಿದೆ: “ಸಡ್ಲಾದ ಇಲಾಸ್ಟಿಕ್ ತಿರುಗಿ ಬಿಗಿ ಆಗ್ತೈತೇನ್ರಿ?”

“ಚೊಣ್ಣದ್ದು ಆಗೂದಿಲ್ಲ. ಕೂಸಿಂದು ಆಗ್ತೈತಿ,” ಎಂದು ಅವರು ನಕ್ಕರು. “ಖಾಲಿ ಇಟ್ರ ತಾನ ಸಣ್ಣದಾಗ್ತೈತಿ. ಆದ್ರ ತಿಂಗಳಗಟ್ಟಲೆ ಬೇಕು. ಬಂದದ್ದು ಅವಗ ತಾನಾಗಿ ಗೊತ್ತಾಗೂ ತನಕ ನಾ ಬರದು ಕೊಡೂ ಪುಡಿ ಬಿಡಬ್ಯಾಡ್ರಿ. ಬಿಡೂದಿದ್ರ ನನ್ನ ಕೇಳಿ ಬಿಡ್ರಿ.”

ಎಳೆ ಹರಿದರೆ ನಾನು ಗಂಟು ಹಾಕಬಲ್ಲೆ, ಆದರೆ ಹರಿದದ್ದು ಹರಿದದ್ದೇ. ಮೇಜಿನ ಮೇಲೆ ಕಾಲಾಡಿಸುತ್ತ ಕೂತಿದ್ದ ಕೂಸಿನ ಈ ಗೇಣುದ್ದದ ಹೊಟ್ಟೆಯೊಳಗೆ, ಕೆಟ್ಟದ್ದು ತಾನೇ ಸರಿಯಾಗುವ ಏನೋ ಒಂದು ಇತ್ತು. ಯಾರು ಇಟ್ಟರು ಅದನ್ನು ಅಲ್ಲಿ? ಮನೆಯ ದೇವರ ಮುಂದೆ ನಿಂತಾಗಲೂ ನನಗೆ ಅಷ್ಟು ಬೆರಗಾಗಿರಲಿಲ್ಲ.

ಊರಿಗೆ ಬಂದು ಕೆಲಸ ಶುರುಮಾಡಿದೆವು. ಹಿತ್ತಲಲ್ಲಿ ಪಾಯಖಾನೆ ಇತ್ತು, ಆದರೆ ಅದರ ಅರ್ಧದಲ್ಲಿ ನಾನು ನೂಲಿನ ಚೀಲ ಇಟ್ಟಿದ್ದೆ. ಕೂಸು ಚೀಲಗಳ ನಡುವೆ ಹೆದರಿ ಕೂರುತ್ತಿದ್ದ. ಚೀಲ ತೆಗೆದೆ. ಕಾಲಿಡುವ ಜಾಗ ದೊಡ್ಡವರ ಅಳತೆಗೆ ಅಗಲವಾಗಿತ್ತು. ಬಿದ್ದುಬಿಡುತ್ತೇನೆ ಎಂಬ ಭಯ ಅವನಿಗೆ. ನನ್ನ ಗಂಡ ಫ್ಯಾಕ್ಟರಿಯಲ್ಲಿ ಎಸೆದಿದ್ದ ಕೆಂಪು ಕಲ್ಲಿನ ಎರಡು ತುಂಡು ತಂದು, ಒರಟು ಮೈ ಮೇಲೆ ಮಾಡಿ, ಅವನ ಪಾದಕ್ಕೆ ತಕ್ಕಂತೆ ಹತ್ತಿರ ಹತ್ತಿರ ಕೂರಿಸಿದರು. ಹಿಡಿದುಕೊಳ್ಳಲು ಗೋಡೆಗೆ ಒಂದು ಹಿಡಿಕೆಯನ್ನೂ ಹೊಡೆದರು.

ಮೊದಲಿಗೆ ಡಾಕ್ಟರು ಹೇಳಿದಷ್ಟು ದಿನ ಪುಡಿಯನ್ನು ನೀರಿನಲ್ಲಿ ಕಲಸಿ ಹೆಚ್ಚು ಹೆಚ್ಚು ಕುಡಿಸಿ ಹೊಟ್ಟೆ ಖಾಲಿ ಮಾಡಿಸಿದೆವು. ಅಷ್ಟು ಸಣ್ಣ ಮೈಯಿಂದ ಹೊರಬಂದದ್ದನ್ನು ಕಂಡು ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. “ಇಷ್ಟು ಹೊತ್ತುಕೊಂಡು ಓಣ್ಯಾಗ ಹೆಂಗ ಓಡ್ಯಾಡ್ತಿದ್ದಲೇ ಮಗನ?” ಎಂದರು ನನ್ನ ಗಂಡ. ಕೂಸು ಸಂಕೋಚದಿಂದ ನಕ್ಕ. ಅಂದು ಅವನು ತಾನಾಗಿ ರೊಟ್ಟಿ ಕೇಳಿ ತಿಂದ. ಅವನು ಊಟ ಬಿಟ್ಟದ್ದು ಹಟದಿಂದಲ್ಲ, ಒಳಗೆ ಜಾಗ ಇಲ್ಲದೆ ಎಂದು ಆಗ ಹೊಳೆಯಿತು.

ಆಮೇಲೆ ದಿನಕ್ಕೆ ಒಂದು ಅಳತೆಯ ಪುಡಿ. ಊಟವಾದ ಮೇಲೆ, ಬರಲಿ ಬಿಡಲಿ, ಸ್ವಲ್ಪ ಹೊತ್ತು ಕೂರಬೇಕು. ಉಂಡಾಗ ಕರುಳು ತಾನೇ ಅಲುಗುತ್ತದಂತೆ. ಹಾಲು ಬಿಸ್ಕೀಟು ಕಡಿಮೆ, ಪಲ್ಯೆ, ಪೇರಲ, ನೀರು ಹೆಚ್ಚು. ಕೂತಾಗ ಊದಲು ಏನಾದರೂ ಕೊಡಿ, ಊದಿದರೆ ಹೊಟ್ಟೆ ತಾನೇ ಒತ್ತುತ್ತದೆ ಎಂದಿದ್ದರು ಡಾಕ್ಟರು. ನಾನು ಒಂದು ಪೀಪಿ ತಂದುಕೊಟ್ಟೆ. ದಿನಾ ಮಧ್ಯಾಹ್ನ ನಮ್ಮ ಹಿತ್ತಲಿಂದ ಪೀಪಿ ಕೇಳತೊಡಗಿತು.

“ಏನವ್ವಾ, ನಿಮ್ಮ ಪಾಯಖಾನ್ಯಾಗ ಮದುವಿ ನಡದೈತೇನು?” ಎಂದು ಆಯಿ ಗೋಡೆಯ ಆಚೆಯಿಂದ ಕೂಗುತ್ತಿದ್ದಳು.

“ಇನ್ನೂ ಹೆಣ್ಣ ಬಂದಿಲ್ಲಾ!” ಎಂದು ಕೂಸು ಒಳಗಿಂದಲೇ ಕೂಗುತ್ತಿದ್ದ. ಹಾಗೆ ಕೂಗಲು ಅವನಿಗೆ ಕಲಿಸಿದ್ದು ನನ್ನ ಗಂಡ.

ಎರಡು ಮೂರು ತಿಂಗಳಲ್ಲಿ ಚೊಣ್ಣ ಒಣಗಿಯೇ ಇರತೊಡಗಿತು. ದಿನಾ ಸರಿಯಾಗಿ ಆಗುತ್ತಿತ್ತು. ಅಂಗನವಾಡಿಗೆ ಮತ್ತೆ ಹೋದ. ಆದರೆ ನಾನು ಕೂರಿಸಿದರೆ ಮಾತ್ರ ಆಗುತ್ತಿತ್ತು, ಬಂತು ಎಂದು ಅವನು ಎಂದೂ ಹೇಳಲಿಲ್ಲ. ಅದನ್ನು ನಾನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಕೊಂಡಿಗೆ ಕೂತಾಗ ಒಂದು ದಿನ ಆಯಿ ಅಂದಳು: “ಇನ್ನೂ ಆ ಪುಡಿ ಕುಡಸ್ತೀಯೇನು? ದಿನಾ ಕುಡಿಸಿದ್ರ ರೂಢಿ ಬೀಳ್ತೈತಿ. ಮುಂದ ಅದಿಲ್ಲದ ಆಗೂದ ಇಲ್ಲ ನೋಡು. ಗಂಡಸ ಮಗ ಐತಿ.”

ಆಯಿಯ ಮಾತಿನಿಂದಲೇ ಬಿಟ್ಟೆ ಎಂದು ಹೇಳಿದರೆ ಸುಳ್ಳಾಗುತ್ತದೆ. ಅವಳು ಹೇಳಿದ್ದು ನಾನು ಬಯಸಿದ್ದಕ್ಕೆ ಹೊಂದಿತು, ಅಷ್ಟೇ. ನೀನು ಕೊಟ್ಟುಹೋದ ಔಷಧ ಇಲ್ಲದೆಯೇ, ನನ್ನ ಕೈಯ ಅಡಿಗೆಯಿಂದ ನಿನ್ನ ಮಗನನ್ನು ಸರಿಮಾಡಿದೆ ನೋಡು ಎಂದು ತಂಗಿಗೆ ಹೇಳಬೇಕೆಂಬ ಆಸೆ ನನಗಿತ್ತು. ಓದಿದವಳಿಗೆ ಓದದ ಅಕ್ಕ ತೋರಿಸುವುದು ಒಂದಾದರೂ ಇರಲಿ ಎಂಬ ಆಸೆ. ಡಾಕ್ಟರನ್ನು ಕೇಳಲಿಲ್ಲ. ಪುಡಿ ನಿಲ್ಲಿಸಿದೆ.

“ಇವತ್ತ ಪುಡಿ ಇಲ್ಲ?” ಎಂದು ಕೂಸು ಕೇಳಿದ.

“ನಿನಗ ಆರಾಮ ಆಗೇತಿ. ಅವ್ವಗ ಈಗ ಹೇಳಬ್ಯಾಡ. ಆಕಿ ಬಂದಾಗ ಹೇಳೂಣು, ಖುಷಿ ಆಗ್ತಾಳ.”

“ಹೂಂ,” ಎಂದ.

ತಂಗಿ ಫೋನಿನಲ್ಲಿ ಕೇಳಿದಾಗಲೆಲ್ಲ, “ಕೊಡಾಕತ್ತೇನಿ,” ಎಂದೆ. ಮೊದಲ ವಾರಗಳು ಏನೂ ಆಗಲಿಲ್ಲ. ನನ್ನ ಹೆಮ್ಮೆ ಬೆಳೆಯಿತು. ಆಮೇಲೆ ಒಂದು ದಿನ ಆಗಲಿಲ್ಲ, ನಾಳೆ ಆದೀತು ಎಂದೆ. ಆಮೇಲೆ ಪೀಪಿ ಊದುವುದು ಬಿಟ್ಟ. ಕೂರಿಸಿದರೆ ಅಳತೊಡಗಿದ. ಮತ್ತೆ ಬಾಗಿಲ ಹಿಂದಿನ ಸಂದಿ, ಮತ್ತೆ ಚೊಣ್ಣ. ಪುಡಿಯನ್ನು ತಿರುಗಿ ಕೊಡಲು ಹೋದರೆ ವಾಂತಿ ಮಾಡಿದ. ಅಷ್ಟು ಗಟ್ಟಿ ತುಂಬಿಕೊಂಡಿತ್ತು. ಹೆದರಿ ತಂಗಿಗೆ ಫೋನು ಮಾಡಿದೆ. ಹೊಟ್ಟೆ ಕಟ್ಟಿದೆ ಎಂದು ಹೇಳಿದೆ. ಪುಡಿ ನಿಲ್ಲಿಸಿದ್ದನ್ನು ಹೇಳಲಿಲ್ಲ.

ಡಾಕ್ಟರು ಹೊಟ್ಟೆ ಮುಟ್ಟಿ ನೋಡಿ ಮುಖ ಚಿಕ್ಕದು ಮಾಡಿದರು. “ಹಿಂದಿನಕ್ಕಿಂತ ಜಾಸ್ತಿ ಆಗೇತಲ್ರಿ. ಪುಡಿ ದಿನಾ ಕೊಟ್ಟೀರಿ?”

“ಹೌದ್ರಿ ಮೇಡಂ,” ಎಂದೆ ನಾನು. ತಂಗಿ ನನ್ನ ಬಾಜುವಿಗೇ ಇದ್ದಳು.

“ದಿನಾ ಕೊಟ್ರೂ ಹಿಂಗಾಗೇತಿ ಅಂದ್ರ ಬ್ಯಾರೆ ಏನರ ಇರಬಹುದು. ಕರಳಿನ ನರ ನೋಡಬೇಕಾಗ್ತೈತಿ. ಹುಬ್ಬಳ್ಳಿಗೆ ಕರಕೊಂಡು ಹೋಗ್ರಿ. ಅಲ್ಲಿ ಒಳಗಿಂದ ಸಣ್ಣ ತುಣಕು ತಗದು ಪರೀಕ್ಷಾ ಮಾಡ್ತಾರ.”

ತಂಗಿ ಸೆರಗನ್ನು ಬಾಯಿಗೆ ಹಿಡಿದಳು. ಡಾಕ್ಟರು ಕೂಸಿನ ಕಡೆ ಬಗ್ಗಿ, “ಏನಪಾ, ಪುಡಿ ದಿನಾ ಕುಡದೀಯಿಲ್ಲೋ?” ಎಂದು ಕೇಳಿದರು.

ಅವನು ನನ್ನನ್ನು ನೋಡಿದ. ಹೊಟ್ಟೆನೋವಿನಿಂದ ಮುಖ ಬಿಳುಪಾಗಿತ್ತು. ಕೆಳತುಟಿ ಒಳಗೆ ಎಳೆದುಕೊಂಡಿದ್ದ. ಬಾಗಿಲ ಹಿಂದೆ ನಿಂತಾಗ ಮಾಡುತ್ತಿದ್ದದ್ದು ಅದೇ ಮುಖ. ಆಮೇಲೆ ಡಾಕ್ಟರ ಕಡೆ ತಿರುಗಿ, “ಹೂಂ,” ಎಂದ. “ದೊಡ್ಡವ್ವ ದಿನಾ ಕೊಡ್ತಾಳ.”

ನಾನು ಅವನನ್ನೇ ನೋಡುತ್ತ ಉಳಿದೆ. ನನ್ನಿಂದ ಬೈಸಿಕೊಂಡವನು, ಓಣಿಯ ಮುಂದೆ ಚೊಣ್ಣ ಒಗೆದವನು, ನನಗಾಗಿ ಇದನ್ನೂ ತಡೆದುಕೊಂಡ. ಇಷ್ಟು ಚಿಕ್ಕವನಿಗೆ ಇಷ್ಟು ಬಲ ಎಲ್ಲಿಂದ ಬರುತ್ತದೆ? ಆ ಬಲವನ್ನು ನಾನು ಎಂತಹ ಕೆಲಸಕ್ಕೆ ಹಚ್ಚಿಬಿಟ್ಟೆ?

“ಇಲ್ರಿ ಮೇಡಂ,” ಎಂದೆ. “ಕೂಸು ಸುಳ್ಳ ಹೇಳಾಕತ್ತೈತಿ. ನಾನ ಹೇಳಿಸಿದ್ದು. ಪುಡಿ ಬಿಡಿಸಿ ಭಾಳ ದಿನ ಆತು. ಅವಂದು ಏನೂ ತಪ್ಪಿಲ್ಲ. ಹುಬ್ಬಳ್ಳಿಗೆ ಕಳಸಬ್ಯಾಡ್ರಿ.”

ತಂಗಿ ನನ್ನ ಕಡೆ ತಿರುಗಲೂ ಇಲ್ಲ. ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಔಷಧ ಬಿಡೂದನ್ನ ಭಾಳ ಮಂದಿ ಮಾಡ್ತಾರ್ರಿ. ಬಿಟ್ಟೇವಿ ಅಂತ ಹೇಳೂದಿಲ್ಲ. ಈ ಪುಡಿ ರೂಢಿ ಬೀಳೂವಂಥಾದ್ದಲ್ಲ. ಅದು ನೀರು ಹಿಡಕೊಂಡು ಮೆತ್ತಗ ಮಾಡ್ತೈತಿ, ಅಷ್ಟ. ಕರಳು ಇನ್ನೂ ಸಣ್ಣದಾಗಿರಲಿಲ್ಲ, ನೀವು ನಡುವ ಕೈಬಿಟ್ರಿ.” ಕನ್ನಡಕ ತಿರುಗಿ ಹಾಕಿಕೊಂಡು, “ಮತ್ತ ಮೊದಲಿಂದ ಶುರು ಮಾಡೂಣು. ಪರೀಕ್ಷಾ ಸದ್ಯ ಬ್ಯಾಡ,” ಎಂದರು.

ಬಸ್ ಸ್ಟ್ಯಾಂಡಿನಲ್ಲಿ ತಂಗಿ ಬೆಂಚಿನ ಆ ತುದಿಗೆ, ನಾನು ಈ ತುದಿಗೆ. ಕೂಸು ನಡುವೆ ಮಲಗಿತ್ತು. ಇಳಕಲ್ಲಿನ ಒಂದು ಬಸ್ಸು ಬಂದು ಹೋಯಿತು, ನಾವು ಏಳಲಿಲ್ಲ.

“ಬೈಯವಾ, ಸುಮ್ನ ಕುಂಡರಬ್ಯಾಡ,” ಎಂದೆ.

“ಏನಂತ ಬೈಲಿ?” ಎಂದಳು. “ನಿನ್ನ ಬಿಟ್ರ ನನಗ ಇವನ್ನ ಬಿಡಾಕ ಇನ್ನೊಂದು ಮನಿ ಇಲ್ಲ. ಅದಕ್ಕ ಸಿಟ್ಟ ಬರಾಕತ್ತೈತಿ ನನಗ. ಬ್ಯಾರೆದವರಾಗಿದ್ರ ಕೂಸಿನ್ನ ಎತಗೊಂಡು ಹೋಗಿಬಿಡ್ತಿದ್ದೆ.”

ನಾನು ಅತ್ತೆ. ಅವಳು ಸಮಾಧಾನ ಮಾಡಲಿಲ್ಲ. ಅದು ಸರಿಯೇ ಇತ್ತು.

“ಒಂದ ಮಾತು,” ಎಂದಳು ಕಡೆಗೆ. “ಇನ್ನ ಮ್ಯಾಲೆ ಫೋನಿನ್ಯಾಗ ಖರೇನ ಹೇಳು. ಕೆಟ್ಟದ್ದಿದ್ರೂ ಖರೆ ಹೇಳು. ಮತ್ತ ಅವನ ಕಡೆ ಏನೂ ಮುಚ್ಚಿಡಸಬ್ಯಾಡ.”

ಮತ್ತೆ ಮೊದಲಿನಿಂದ. ಹೊಟ್ಟೆ ಖಾಲಿ ಮಾಡಿಸುವುದು ಈ ಸಲ ಹೆಚ್ಚು ದಿನ ಹಿಡಿಯಿತು. ಅವನು ಅಳುವಾಗ ನಾನು ಪಾಯಖಾನೆಯ ಬಾಗಿಲಲ್ಲಿ ಕೂತು ಅವನ ಮೊಣಕಾಲು ಹಿಡಿದಿರುತ್ತಿದ್ದೆ. ಕೊಂಡಿ ಹಾಕುವಾಗ ಅವನ ಊಟದ ಹೊತ್ತಾದರೆ ಎದ್ದುಬಿಡುತ್ತಿದ್ದೆ. ಎಳೆ ಸಿಕ್ಕಾದರೆ ಬಿಡಿಸಿಕೊಂಡರಾಯಿತು. ಆಯಿ ಗೊಣಗಿದಳು, ಆಮೇಲೆ ಅವಳೇ, “ಹೋಗು, ಎಳಿ ನಾ ಹಿಡಕೊಂಡಿರ್ತೇನಿ,” ಎನ್ನತೊಡಗಿದಳು. ಚೊಣ್ಣ ಕೆಟ್ಟ ದಿನ ಸುಮ್ಮನೆ ಬದಲಿಸುತ್ತಿದ್ದೆ. ಫೋನಿನಲ್ಲಿ, “ಇವತ್ತ ಕೆಟ್ಟೈತಿ,” ಎನ್ನುತ್ತಿದ್ದೆ. ತಂಗಿ, “ಆತು ಬಿಡು, ನಾಳಿ ನೋಡೂಣು,” ಎನ್ನುತ್ತಿದ್ದಳು. ಹಬ್ಬಗಳು ಹೋದವು, ಚಳಿ ಬಂತು. ಡಾಕ್ಟರು ಹೊಟ್ಟೆ ಮುಟ್ಟಿದಾಗ ಗಟ್ಟಿ ಹತ್ತುವುದು ನಿಂತಿತು. ಆದರೂ ಬಂತು ಎಂದು ಅವನು ತಾನಾಗಿ ಹೇಳಲಿಲ್ಲ. ಜೂನಿನಲ್ಲಿ ಸಾಲೆಗೆ ಹಾಕಬೇಕು. ಅಲ್ಲಿ ಅವನನ್ನು ಕೂರಿಸುವವರು ಯಾರು? ನನ್ನ ಕೈಯಾರೆ ಅವನ ಆ ಅರಿವು ಪೂರ್ತಿ ಹೋಗಿಬಿಟ್ಟಿತೇ ಎಂದು ಒಳಗೇ ಕುದಿಯುತ್ತಿದ್ದೆ.

ತಂಗಿಯನ್ನು ಪಾಠ ಮಾಡಿ ಕಲಿಯಲು ಬಾದಾಮಿಯ ಒಂದು ಸಾಲೆಗೆ ಕಳಿಸಿದ್ದರು, ಅತ್ತೆಯ ಮನೆಯಲ್ಲೇ ಇದ್ದಳು. ಒಂದು ಭಾನುವಾರ ಕೂಸನ್ನು ಕರೆದುಕೊಂಡು ಬಸ್ಸಿನಲ್ಲಿ ಹೊರಟೆ. ಗುಡೂರು ದಾಟಿತ್ತು. ಕಿಟಕಿಯ ಹೊರಗೆ ಕೊಯ್ದ ಜೋಳದ ಹೊಲಗಳು. ಪೇರಲಹಣ್ಣು ತಿನ್ನುತ್ತಿದ್ದ ಕೂಸು ತಿನ್ನುವುದನ್ನು ನಿಲ್ಲಿಸಿದ. ಏನೋ ಕೇಳಿಸಿಕೊಳ್ಳುವವನ ಹಾಗೆ ತಲೆ ವಾರೆ ಮಾಡಿದ.

“ದೊಡ್ಡವ್ವಾ, ಒಳಗಿಂದ ತಳ್ಳಾಕತ್ತೈತಿ.”

“ಏನು?”

“ಸಂಡಾಸ. ಬಂತು ನನಗ.”

ನಾನು ಎದ್ದು ನಿಂತೆ. “ಗಾಡಿ ನಿಂದರಸ್ರೀ!”

“ಯಾಕ ಬೇ, ಏನಾತು?” ಎಂದ ಕಂಡಕ್ಟರು.

“ಕೂಸಿಗೆ ಬಂದೈತ್ರಿ.”

“ಇಲ್ಲೆಲ್ಲಿ ನಿಂದರಸೂದು? ಮುಂದಿನ ಸ್ಟಾಪಿನ ತನಕ ತಡಕೊಳ್ಳಾಕ ಹೇಳ್ರಿ.”

“ಹೇಳೂದಿಲ್ರಿ!” ಎಂದೆ. ನನ್ನ ದನಿ ಬಸ್ಸಿನ ತುಂಬ ಕೇಳಿತು. “ತಡಕೊಳ್ಳಾಕ ನಾ ಹೇಳೂದಿಲ್ಲ. ನೀವು ನಿಂದರಸ್ರಿ.”

ಹಿಂದಿನಿಂದ ಒಬ್ಬ ಮುದುಕ, “ನಿಂದರಸೋ ಮಾರಾಯಾ, ಸೀಟಿನ ಮ್ಯಾಲೆ ಆದ್ರ ನೀ ಒರಸ್ತೀಯೇನು?” ಎಂದ. ಜನ ನಕ್ಕರು. ಬಸ್ಸು ನಿಂತಿತು. ಯಾರೋ ಹೆಂಗಸು ನೀರಿನ ಬಾಟಲಿ ಕೊಟ್ಟಳು.

ಹೊಲದ ಬದುವಿನ ಮರೆಯಲ್ಲಿ ಅವನು ಕೂತ. ನಾನು ಬೆನ್ನು ಮಾಡಿ ನಿಂತೆ. ಬಸ್ಸಿನ ಎಂಜಿನ್ ಗುರುಗುಡುತ್ತಿತ್ತು, ಕಿಟಕಿಗಳಲ್ಲಿ ತಲೆಗಳು. ಬಿಸಿಲು, ಜೋಳದ ಕೂಳೆ, ದೂರದಲ್ಲಿ ಕೆಂಪು ಗುಡ್ಡ. ಹಿಗ್ಗಿದ್ದದ್ದು ತಿರುಗಿ ಸಣ್ಣದಾಗಿ, ಮರೆತದ್ದನ್ನು ನೆನಪು ಮಾಡಿಕೊಂಡು, ಓಡುವ ಬಸ್ಸಿನಲ್ಲಿ ಅವನನ್ನು ಒಳಗಿಂದ ಕರೆದಿತ್ತು. ನಾನು ಅಷ್ಟು ಕೆಡಿಸಿದರೂ ಕರೆದಿತ್ತು.

ತೊಳೆದು, ಎತ್ತಿಕೊಂಡು ಬಸ್ಸು ಹತ್ತಿದೆ.

“ಆತೇನ್ರಿ ಸಾಹೇಬ್ರ? ಹೋಗೂಣೇನು?” ಎಂದ ಕಂಡಕ್ಟರು.

“ಆತು. ನಡೀರಿ,” ಎಂದ ಕೂಸು ದೊಡ್ಡವರ ದನಿಯಲ್ಲಿ. ಬಸ್ಸಿಗೆ ಬಸ್ಸೇ ನಕ್ಕಿತು.

ನಾನು ಫೋನು ತೆಗೆದು ತಂಗಿಗೆ ಹಚ್ಚಿದೆ. ಅವಳು ಎತ್ತಿಕೊಂಡಳು, ಆದರೆ ನಾನು ಅಳತೊಡಗಿದೆ. “ಅಕ್ಕಾ, ಏನಾತು? ಖರೆ ಹೇಳು,” ಎನ್ನುತ್ತಲೇ ಇದ್ದಳು. ಕೂಸು ನನ್ನ ಮುಖ ನೋಡಿ ಫೋನು ಕಿತ್ತುಕೊಂಡ.

“ಅವ್ವಾ, ದೊಡ್ಡವ್ವ ಸುಮ್ನ ಅಳಾಕತ್ತಾಳ. ಏನೂ ಆಗಿಲ್ಲ. ನನಗ ಸಂಡಾಸ ಬಂತು, ಹೋಗಿಬಂದೆ. ನೋವಾಗ್ಲಿಲ್ಲ.”